ಅಂಗಡಿಯಿಂದ ಮತಗಟ್ಟೆಗೆ: ಅಮೆರಿಕದ ಕೊರಿಯನ್ನರು ಪೌರರಾದ ಬಗೆ

(ಸಾರ್ವಜನಿಕ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



'ಬಹುಸಂಸ್ಕೃತಿಯ ಸಮಾಜದಲ್ಲಿ ಪೌರನ ಪಾತ್ರ' ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಈ ವಿಷಯದ ಭಾಷಣಗಳಲ್ಲಿ ಬಣ್ಣಬಣ್ಣದ ಹೂಗಳ ತೋಟದ ಉಪಮೆ ಬಂದೇ ಬರುತ್ತದೆ. ತಾವು ಅದನ್ನು ಸಾಕಷ್ಟು ಕೇಳಿದ್ದೀರಿ. ಆದುದರಿಂದ ನಾವು ಅದನ್ನು ಬದಿಗಿಟ್ಟು, ಒಂದು ವಲಸೆ ಸಮುದಾಯದ ನೂರಿಪ್ಪತ್ತು ವರ್ಷಗಳ ಅನುಭವವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಅದು ಅಮೆರಿಕದಲ್ಲಿ ನೆಲೆಸಿರುವ ಕೊರಿಯನ್ನರ ಅನುಭವ. ಅವರ ನಾಡಿನ ಕಾರು, ಟಿ.ವಿ., ಮೊಬೈಲುಗಳು ನಮ್ಮ ಮನೆಗಳನ್ನು ಸೇರಿವೆ. ಆದರೆ ಆ ನಾಡನ್ನು ತೊರೆದು ಹೋದ ಜನರು ಪರದೇಶದಲ್ಲಿ ಪೌರರಾಗಲು ಪಟ್ಟ ಪಾಡು ನಮ್ಮಲ್ಲಿ ಹೆಚ್ಚಾಗಿ ಚರ್ಚೆಯಾಗಿಲ್ಲ.

ಕೊರಿಯನ್ನರಲ್ಲಿ ಒಂದು ರೂಢಿಯಿದೆ. ತಮ್ಮ ಚರಿತ್ರೆಯ ದೊಡ್ಡ ಘಟನೆಗಳನ್ನು ಅವರು ದಿನಾಂಕದಿಂದಲೇ ಕರೆಯುತ್ತಾರೆ. ಅಮೆರಿಕದ ಕೊರಿಯನ್ನರ ನಡುವೆ 'ಸಾ-ಇ-ಗು' ಎಂದರೆ ಸಾಕು, ಹಿರಿಯರ ಮುಖ ಗಂಭೀರವಾಗುತ್ತದೆ. ನಾಲ್ಕು, ಎರಡು, ಒಂಬತ್ತು ಎಂಬುದು ಅದರ ಅರ್ಥ. ನಾಲ್ಕನೆಯ ತಿಂಗಳಿನ ಇಪ್ಪತ್ತೊಂಬತ್ತನೆಯ ದಿನ, ಅಂದರೆ 1992ರ ಏಪ್ರಿಲ್ 29. ಲಾಸ್ ಏಂಜಲೀಸ್ ನಗರ ಹೊತ್ತಿ ಉರಿಯಲಾರಂಭಿಸಿದ ದಿನವದು. ಆ ದಿನದ ಅರ್ಥ ತಿಳಿಯಬೇಕಾದರೆ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

1903ರ ಜನವರಿ 13ರಂದು 'ಗೇಲಿಕ್' ಎಂಬ ಹಡಗು ಹವಾಯಿ ದ್ವೀಪದ ಹೊನೊಲುಲು ಬಂದರಿಗೆ ಬಂದು ತಲುಪಿತು. ಅದರಲ್ಲಿ ನೂರಕ್ಕೆ ತುಸು ಮೇಲ್ಪಟ್ಟ ಕೊರಿಯನ್ನರಿದ್ದರು. ಕಬ್ಬಿನ ತೋಟಗಳ ಕೂಲಿಗಾಗಿ ಬಂದವರು. ಮುಂದಿನ ಎರಡು ವರ್ಷಗಳಲ್ಲಿ ಅವರ ಸಂಖ್ಯೆ ಏಳು ಸಾವಿರದಷ್ಟಾಯಿತು. ಅಷ್ಟರಲ್ಲಿ ಅವರ ತಾಯ್ನಾಡು ಜಪಾನಿನ ಹಿಡಿತಕ್ಕೆ ಸಿಲುಕಿತು. 1910ರಲ್ಲಿ ಜಪಾನ್ ಕೊರಿಯಾವನ್ನು ಅಧಿಕೃತವಾಗಿಯೇ ನುಂಗಿಹಾಕಿತು. ಹಿಂದಿರುಗಲು ಅವರಿಗೆ ಸ್ವತಂತ್ರ ದೇಶವಿಲ್ಲ. ಇದ್ದ ನೆಲದಲ್ಲಿ ಪೌರರಾಗಲು ಕಾನೂನಿಲ್ಲ. ಯಾಕೆಂದರೆ 1790ರ ಅಮೆರಿಕನ್ ಕಾಯ್ದೆಯು ವಲಸೆ ಬಂದವರ ಪೈಕಿ 'ಸ್ವತಂತ್ರ ಬಿಳಿಯ'ರಿಗೆ ಮಾತ್ರ ಪೌರತ್ವದ ಬಾಗಿಲು ತೆರೆದಿತ್ತು. 1870ರಲ್ಲಿ ಆಫ್ರಿಕನ್ ಮೂಲದವರಿಗೂ ಅದು ತೆರೆಯಿತು. ಏಷ್ಯದವರು ಹೊರಗೇ ಉಳಿದರು. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿ ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 1913ರಲ್ಲಿ ಇನ್ನೊಂದು ಕಾಯ್ದೆ ತಂದಿತು.

ಈ ಬಾಗಿಲಿಗೆ ನಮ್ಮ ದೇಶದವರೂ ತಲೆ ಚಚ್ಚಿಕೊಂಡವರೇ. ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಭಾರತೀಯರು 'ಬಿಳಿಯ'ರ ವ್ಯಾಖ್ಯೆಗೆ ಬರುವುದಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ಅವರ ಪ್ರಕರಣದಲ್ಲಿ ತೀರ್ಪು ನೀಡಿತು. ಅದಕ್ಕೂ ಎರಡು ವರ್ಷ ಮೊದಲು, ಅದೇ ಯುದ್ಧದಲ್ಲಿ ಅಮೆರಿಕದ ಸಮವಸ್ತ್ರ ಧರಿಸಿದ್ದ ಈಸರ್ಕ್ ಚಾರ್ ಎಂಬ ಕೊರಿಯನ್ನರ ಅರ್ಜಿಯನ್ನು ಮಿಸ್ಸೂರಿಯ ನ್ಯಾಯಾಲಯ ತಿರಸ್ಕರಿಸಿತ್ತು. ಸೈನಿಕನಾಗಲು ಅರ್ಹ, ಪೌರನಾಗಲು ಅನರ್ಹ! ಮಾಜಿ ಸೈನಿಕರಿಗಾಗಿ 1935ರಲ್ಲಿ ಪ್ರತ್ಯೇಕ ಕಾಯ್ದೆಯೊಂದು ಬಂದ ಬಳಿಕವೇ ಚಾರ್ ಅವರಿಗೆ ಪೌರತ್ವ ದೊರೆತದ್ದು. ಭಾರತೀಯರಿಗೆ 1946ರಲ್ಲಿ, ಕೊರಿಯನ್ನರಿಗೆ 1952ರಲ್ಲಿ ಬಾಗಿಲು ತೆರೆಯಿತು. ಅಂದರೆ ಮೊದಲ ಹಡಗು ಬಂದ 49 ವರ್ಷಗಳ ನಂತರ.

ಇಲ್ಲಿ ನಾವು ಒಬ್ಬ ವ್ಯಕ್ತಿಯ ಬಗ್ಗೆ ತುಸು ವಿವರವಾಗಿ ಹೇಳಬೇಕು. ಆನ್ ಚಾಂಗ್ ಹೋ ಎಂಬ ಯುವಕ 1902ರಲ್ಲಿ ವಿದ್ಯಾಭ್ಯಾಸಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಒಂದು ದಿನ ನಡುಬೀದಿಯಲ್ಲಿ ಇಬ್ಬರು ಕೊರಿಯನ್ನರು ಪರಸ್ಪರ ಜುಟ್ಟು ಹಿಡಿದು ಹೊಡೆದಾಡುವುದನ್ನು ಕಂಡರು. ಇಬ್ಬರೂ ಜಿನ್ಸೆಂಗ್ ಎಂಬ ಔಷಧಿಯ ಬೇರು ಮಾರುವವರು. ಜಗಳ ಗಿರಾಕಿಗಳ ಬಗ್ಗೆ. ಸುತ್ತ ನಿಂತ ಬಿಳಿಯರು ನಗುತ್ತಿದ್ದರು. ಆ ದೃಶ್ಯ ಯುವಕನ ಮನಸ್ಸನ್ನು ಕಲಕಿತು. ಓದನ್ನು ಬದಿಗಿಟ್ಟ ಅವರು ಭಾಷಣ ಮಾಡಲು ಹೋಗಲಿಲ್ಲ. ಪೊರಕೆ ಹಿಡಿದು ಕೊರಿಯನ್ನರ ಮನೆಮನೆಗೆ ಹೋದರು. ಅಂಗಳ ಗುಡಿಸಿದರು, ಕಿಟಕಿ ಒರೆಸಿದರು, ಹೂಗಿಡ ನೆಟ್ಟರು. ಮೊದಲು ಸಂಶಯಪಟ್ಟ ಜನ ನಿಧಾನವಾಗಿ ಅವರ ಮಾತಿಗೆ ಕಿವಿಗೊಟ್ಟರು. 1905ರಲ್ಲಿ ಪರಸ್ಪರ ಸಹಾಯದ ಸಂಘವೊಂದು ಹುಟ್ಟಿಕೊಂಡಿತು. ರಿವರ್‌ಸೈಡ್ ಎಂಬಲ್ಲಿಯ ಕಿತ್ತಳೆ ತೋಟದಲ್ಲಿ ಅವರು ಸ್ವತಃ ಕೂಲಿಯಾಳಾಗಿ ದುಡಿದರು. ಒಂದೇ ಒಂದು ಕಿತ್ತಳೆಯನ್ನು ಜಾಗರೂಕತೆಯಿಂದ ಕೀಳುವುದೂ ದೇಶಸೇವೆಯೆಂದು ಜೊತೆಯ ಕೂಲಿಗಳಿಗೆ ತಿಳಿಹೇಳಿದರು. ಮುಂದೆ ಸ್ವಾತಂತ್ರ್ಯ ಹೋರಾಟದಲ್ಲಿ ಜಪಾನಿನ ಸೆರೆಮನೆ ಕಂಡು 1938ರಲ್ಲಿ ತೀರಿಕೊಂಡರು. ಅಮೆರಿಕದ ಪೌರತ್ವ ಅವರಿಗೆ ಸಿಗಲೇ ಇಲ್ಲ. ಆದರೆ ಅವರ ಮಗಳು ಸೂಸನ್ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿಯಾದರು. ಲಾಸ್ ಏಂಜಲೀಸ್‌ನ ಎರಡು ಹೆದ್ದಾರಿಗಳು ಕೂಡುವ ಸ್ಥಳಕ್ಕೆ ಇಂದು ಆ ತಂದೆಯ ಹೆಸರಿದೆ.

ಆದರೆ ಅಂಗಳ ಗುಡಿಸಿದ ಮಾತ್ರಕ್ಕೆ ಹಕ್ಕು ಸಿಗುವುದಿಲ್ಲ ಎಂಬುದನ್ನೂ ಇದೇ ಚರಿತ್ರೆ ಹೇಳುತ್ತದೆ. ಸ್ಯಾಮಿ ಲೀ ಎಂಬ ಹುಡುಗನಿಗೆ ಪಾಸಡೀನದ ಸಾರ್ವಜನಿಕ ಈಜುಕೊಳದಲ್ಲಿ ಬುಧವಾರ ಮಾತ್ರ ಪ್ರವೇಶವಿತ್ತು. ಬಿಳಿಯರಲ್ಲದವರಿಗೆ ಮೀಸಲಾದ ದಿನವದು. ಅವರು ಈಜಿ ಹೋದ ಬಳಿಕ ಕೊಳದ ನೀರನ್ನೇ ಬದಲಾಯಿಸಲಾಗುತ್ತಿತ್ತು. ಆ ಹುಡುಗ ವೈದ್ಯನಾದ, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಡೈವಿಂಗ್‌ನಲ್ಲಿ ಅಮೆರಿಕಕ್ಕೆ ಚಿನ್ನ ತಂದ. ಸೈನ್ಯದ ವೈದ್ಯಕೀಯ ಸೇವೆ ಮುಗಿಸಿ ಮನೆ ಕೊಳ್ಳಲು ಹೋದಾಗ, ನಿಮ್ಮಂಥವರಿಗೆ ಮಾರಲಾಗದು ಎಂಬ ಉತ್ತರ ಬಂತು. ಒಲಿಂಪಿಕ್ ಚಿನ್ನದ ಪದಕವಿದ್ದವನಿಗೇ ಹೀಗಾದರೆ ಕಬ್ಬಿನ ತೋಟದ ಕೂಲಿಯ ಪಾಡೇನು?

1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಾಯಿಸಿತು. ಜನಾಂಗ ನೋಡಿ ಹಂಚುವ ಪಾಲು ರದ್ದಾಯಿತು. 1970ರಲ್ಲಿ ಸುಮಾರು 70 ಸಾವಿರವಿದ್ದ ಕೊರಿಯನ್ನರು 1990ರ ವೇಳೆಗೆ ಸುಮಾರು 8 ಲಕ್ಷವಾದರು. ಈ ಹೊಸಬರಲ್ಲಿ ಅನೇಕರು ಪದವೀಧರರು. ಶಿಕ್ಷಕರು, ಇಂಜಿನಿಯರುಗಳು, ದಾದಿಯರು. ಆದರೆ ಇಂಗ್ಲಿಷ್ ನಾಲಗೆಗೆ ಹೊರಳದು, ಊರಿನ ಪದವಿಗೆ ಅಲ್ಲಿ ಬೆಲೆಯಿಲ್ಲ. ಹೀಗಾಗಿ ಅಂಗಡಿ ಹಾಕಿದರು. ದಿನಸಿ ಅಂಗಡಿ, ಬಟ್ಟೆ ಒಗೆಯುವ ಅಂಗಡಿ, ಮದ್ಯದಂಗಡಿ. ಬಂಡವಾಳ ಎಲ್ಲಿಂದ? ಅನೇಕರಿಗೆ 'ಕ್ಯೆ' ಎಂಬ ವ್ಯವಸ್ಥೆ ನೆರವಾಯಿತು. ಅದು ನಮ್ಮ ಚೀಟಿ ವ್ಯವಹಾರವೇ. ಹತ್ತಿಪ್ಪತ್ತು ಮಂದಿ ತಿಂಗಳು ತಿಂಗಳು ಹಣ ಹಾಕಿ ಸರದಿಯಂತೆ ಎತ್ತಿಕೊಳ್ಳುವುದು. ಬ್ಯಾಂಕು ಕೊಡದ ಸಾಲವನ್ನು ನಂಬಿಕೆ ಕೊಟ್ಟಿತು. ಗಂಡ, ಹೆಂಡತಿ, ಶಾಲೆ ಬಿಟ್ಟು ಬಂದ ಮಕ್ಕಳು ಎಲ್ಲರೂ ಅಂಗಡಿಯಲ್ಲಿ ದುಡಿದರು. ದಿನಕ್ಕೆ ಹದಿನಾಲ್ಕು ತಾಸು. ಭಾನುವಾರ ಚರ್ಚು. ಮಕ್ಕಳಿಗೆ ಒಳ್ಳೆಯ ಕಾಲೇಜು. ಸುದ್ದಿ ತಿಳಿಯಲು ಕೊರಿಯನ್ ಪತ್ರಿಕೆ, ಅದರ ಮುಖಪುಟದಲ್ಲಿ ಸೋಲ್ ನಗರದ ರಾಜಕೀಯ.

ಇದು ಯಶಸ್ಸಿನ ಕಥೆಯೆಂದು ಆಗ ಎಲ್ಲರೂ ಹೊಗಳಿದರು. 'ಮಾದರಿ ಅಲ್ಪಸಂಖ್ಯಾತರು' ಎಂಬ ಬಿರುದನ್ನೂ ಕೊಟ್ಟರು. ವಸ್ತುತಃ ಆ ಬಿರುದಿನಲ್ಲಿ ಒಂದು ವಿಷವಿತ್ತು. ದೂರದೆ, ಕೇಳದೆ, ತಲೆತಗ್ಗಿಸಿ ದುಡಿಯುವವರೇ ಒಳ್ಳೆಯವರು ಎಂದು ಅದು ಹೇಳುತ್ತಿತ್ತು. ಅಷ್ಟೇ ಅಲ್ಲ, ಹಕ್ಕು ಕೇಳುತ್ತಿದ್ದ ಆಫ್ರಿಕನ್ ಅಮೆರಿಕನ್ನರಿಗೆ 'ಇವರನ್ನು ನೋಡಿ ಕಲಿಯಿರಿ' ಎಂದು ಬೊಟ್ಟು ಮಾಡಲೂ ಅದು ಬಳಕೆಯಾಗುತ್ತಿತ್ತು. ಕೊರಿಯನ್ನರು ಆ ಹೊಗಳಿಕೆಯನ್ನು ಸಂತೋಷದಿಂದಲೇ ಸ್ವೀಕರಿಸಿದರು. ಪೌರತ್ವಕ್ಕೆ ಅರ್ಜಿ ಹಾಕಲು ಬಹಳ ಮಂದಿ ಹಿಂಜರಿದರು. ಹುಟ್ಟಿದ ದೇಶದ ನಿಷ್ಠೆಯನ್ನು ತೊರೆಯುತ್ತೇನೆಂದು ಪ್ರಮಾಣ ಮಾಡುವುದು ಹಿರಿಯರಿಗೆ ಹೆತ್ತವರನ್ನು ತೊರೆದಂತೆ ತೋರಿತು. ಮೇಲಾಗಿ, ಇಂದಲ್ಲ ನಾಳೆ ಊರಿಗೆ ಮರಳುವವರಲ್ಲವೇ ಎಂಬ ಭಾವ. ಗಲ್ಫ್‌ಗೆ ಹೋದ ಕರಾವಳಿಯ ಕುಟುಂಬಗಳಿಗೆ ಈ ಭಾವ ಚೆನ್ನಾಗಿ ಗೊತ್ತು. ವ್ಯತ್ಯಾಸವೇನೆಂದರೆ, ಅಲ್ಲಿ ನಮ್ಮವರಿಗೆ ಪೌರತ್ವದ ಬಾಗಿಲು ಇಲ್ಲವೆಂದೇ ಹೇಳಬೇಕು. ಕೊರಿಯನ್ನರ ಮುಂದೆ ಬಾಗಿಲು ತೆರೆದಿತ್ತು, ಅವರು ಹೊಸ್ತಿಲ ಮೇಲೆ ಕುಳಿತು ವ್ಯಾಪಾರ ಮಾಡುತ್ತಿದ್ದರು.

ದಕ್ಷಿಣ ಲಾಸ್ ಏಂಜಲೀಸ್ ಆಫ್ರಿಕನ್ ಅಮೆರಿಕನ್ನರ ಬಡ ಬಡಾವಣೆ. ದೊಡ್ಡ ಕಂಪೆನಿಗಳ ಅಂಗಡಿಗಳು ಅಲ್ಲಿಗೆ ಬರುತ್ತಿರಲಿಲ್ಲ. ಕಡಿಮೆ ಬೆಲೆಗೆ ಅಂಗಡಿ ಸಿಕ್ಕಿತೆಂದು ಕೊರಿಯನ್ನರು ಅಲ್ಲಿ ವ್ಯಾಪಾರಕ್ಕಿಳಿದರು. ಆದರೆ ಮನೆ ಮಾಡಿದ್ದು ಬೇರೆಡೆ. ಬೆಳಿಗ್ಗೆ ಬಂದು ಬಾಗಿಲು ತೆರೆದು, ರಾತ್ರಿ ಗಲ್ಲಾಪೆಟ್ಟಿಗೆಯೊಂದಿಗೆ ಮರಳುವ ಪರಕೀಯರು ಎಂದು ಸ್ಥಳೀಯರು ಭಾವಿಸಿದರು. ಗಿರಾಕಿಯ ಮುಖ ನೋಡಿ ನಗುವುದಿಲ್ಲ, ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಡುತ್ತಾರೆ ಎಂದು ಅವರು ದೂರಿದರು. ಅಪರಿಚಿತರ ಕಣ್ಣಲ್ಲಿ ಕಣ್ಣಿಟ್ಟು ನಗುವುದು ಕೊರಿಯಾದ ಹಿರಿಯರ ಪದ್ಧತಿಯಲ್ಲ ಎಂಬುದನ್ನು ಯಾರೂ ಯಾರಿಗೂ ವಿವರಿಸಲಿಲ್ಲ. ಅಂಗಡಿಕಾರರಿಗೋ ದರೋಡೆಯ ಭಯ. ದರೋಡೆಯಲ್ಲಿ ಸತ್ತ ಅಂಗಡಿಕಾರರೂ ಇದ್ದರು.

1991ರ ಮಾರ್ಚ್ 16ರಂದು ಲತಾಶಾ ಹಾರ್ಲಿನ್ಸ್ ಎಂಬ 15 ವರ್ಷದ ಕಪ್ಪು ಬಾಲಕಿ ಕಿತ್ತಳೆ ರಸದ ಬಾಟಲಿಯೊಂದನ್ನು ಕೊಳ್ಳಲು ಅಂಗಡಿಗೆ ಹೋದಳು. ಬೆಲೆ 1.79 ಡಾಲರ್. ಹಣ ಅವಳ ಕೈಯಲ್ಲಿತ್ತು. ಕಳವು ಮಾಡುತ್ತಿದ್ದಾಳೆಂದು ಸಂಶಯಿಸಿದ ಕೊರಿಯನ್ ಅಂಗಡಿಯೊಡತಿ ಅವಳ ಚೀಲ ಹಿಡಿದೆಳೆದಳು. ಹೊಡೆದಾಟವಾಯಿತು. ಬಾಲಕಿ ಬಾಟಲಿಯನ್ನು ಮೇಜಿನ ಮೇಲಿಟ್ಟು ಹಿಂದಿರುಗುತ್ತಿದ್ದಾಗ ತಲೆಯ ಹಿಂಬದಿಗೆ ಗುಂಡು ಬಿತ್ತು. ನ್ಯಾಯಾಧೀಶೆ ವಿಧಿಸಿದ್ದು ಸನ್ನಡತೆಯ ಮುಚ್ಚಳಿಕೆ, 400 ಗಂಟೆಗಳ ಸಮಾಜಸೇವೆ ಮತ್ತು 500 ಡಾಲರ್ ದಂಡ. ಒಂದು ದಿನದ ಸೆರೆವಾಸವೂ ಇಲ್ಲ. ಈ ತೀರ್ಪಿನ ಬಗ್ಗೆ ಆಗ ಬಹಿರಂಗವಾಗಿ ದುಃಖಿಸಿದ ಕೊರಿಯನ್ನರು ಇದ್ದರು, ಆದರೆ ಅವರ ದನಿ ಸಣ್ಣದಿತ್ತು. ಸಮುದಾಯದವರು ಮಾಡಿದ ಅನ್ಯಾಯದ ಮುಂದೆ ಸಮುದಾಯ ಮೌನವಾಗಿದ್ದರೆ, ನಾಳೆ ಆ ಸಮುದಾಯಕ್ಕೆ ಅನ್ಯಾಯವಾದಾಗ ನೆರೆಯವನ ಬಾಯಿ ತೆರೆಯುವುದು ಕಷ್ಟ.

ಹದಿಮೂರು ತಿಂಗಳು ಕಳೆಯಿತು. ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಪೊಲೀಸರು ಬಡಿಯುವ ದೃಶ್ಯವನ್ನು ಇಡೀ ಜಗತ್ತು ಟಿ.ವಿ.ಯಲ್ಲಿ ನೋಡಿತ್ತು. 1992ರ ಏಪ್ರಿಲ್ 29ರಂದು ನಾಲ್ವರು ಪೊಲೀಸರೂ ಶಿಕ್ಷೆಯಿಲ್ಲದೆ ಹೊರಬಂದರು. ಜ್ಯೂರಿಯಲ್ಲಿ ಒಬ್ಬ ಕಪ್ಪು ವರ್ಣೀಯನೂ ಇರಲಿಲ್ಲ. ಸಂಜೆಯ ಹೊತ್ತಿಗೆ ಬೆಂಕಿ ಹತ್ತಿತು. ತಪ್ಪು ಪೊಲೀಸರದ್ದು, ತೀರ್ಪು ನ್ಯಾಯಾಲಯದ್ದು, ಆದರೆ ಉರಿದ ಅಂಗಡಿಗಳಲ್ಲಿ ಬಹುಪಾಲು ಕೊರಿಯನ್ನರದ್ದು. 60ಕ್ಕೂ ಹೆಚ್ಚು ಮಂದಿ ಸತ್ತರು. ಸುಮಾರು 100 ಕೋಟಿ ಡಾಲರ್ ಹಾನಿಯಾಯಿತು. ಅದರಲ್ಲಿ ಸುಮಾರು 40 ಕೋಟಿ ಕೊರಿಯನ್ನರ ಪಾಲಿನದು. ಅವರ ಸುಮಾರು 2,300 ಅಂಗಡಿಗಳು ಲೂಟಿಯಾದವು ಇಲ್ಲವೇ ಸುಟ್ಟುಹೋದವು.

ಪೊಲೀಸರಿಗೆ ಫೋನ್ ಮಾಡಿದವರಿಗೆ ಉತ್ತರವಿಲ್ಲ. ಶ್ರೀಮಂತರ ಬಡಾವಣೆಗಳತ್ತ ರಕ್ಷಣೆ ಹೋಯಿತು, ಕೊರಿಯಾಟೌನ್ ತನ್ನ ಪಾಡಿಗೆ ಉಳಿಯಿತು. ಕೊರಿಯನ್ ಭಾಷೆಯ ರೇಡಿಯೋ ಕೇಂದ್ರವು ತನ್ನ ಕಾರ್ಯಕ್ರಮಗಳನ್ನು ನಿಲ್ಲಿಸಿ ನೊಂದವರ ಕರೆಗಳನ್ನು ಬಿತ್ತರಿಸತೊಡಗಿತು. ಇಂಥ ಬೀದಿಯಲ್ಲಿ ಬೆಂಕಿ, ಯಾರಾದರೂ ಬನ್ನಿ ಎಂಬ ಮೊರೆ. ಯುವಕರು ಬಂದೂಕು ಹಿಡಿದು ಅಂಗಡಿಗಳ ಮಾಳಿಗೆ ಏರಿದರು. ಆ ಚಿತ್ರವನ್ನೇ ಮಾಧ್ಯಮಗಳು ಮತ್ತೆ ಮತ್ತೆ ತೋರಿಸಿದವು. ಹಾಗೆ ನೆರವಿಗೆಂದು ಧಾವಿಸಿದ 18 ವರ್ಷದ ಕೊರಿಯನ್ ಹುಡುಗನೊಬ್ಬ, ಲೂಟಿಕೋರನೆಂದು ತಪ್ಪಾಗಿ ಭಾವಿಸಿದ ತನ್ನವರ ಗುಂಡಿಗೇ ಬಲಿಯಾದನು. ಆ ದಿನಗಳಲ್ಲಿ ಸತ್ತ ಏಕೈಕ ಕೊರಿಯನ್ ಅವನು.

ಬೆಂಕಿ ಆರಿದ ಮೇಲೆ ಎದುರಾದ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಯಾರ ಬಳಿ ಹೋಗುವುದು? ನಗರಸಭೆಯಲ್ಲಿ ಒಬ್ಬ ಕೊರಿಯನ್ ಸದಸ್ಯನೂ ಇಲ್ಲ. ಕೊರಿಯಾಟೌನ್ ಹಲವು ಕ್ಷೇತ್ರಗಳ ನಡುವೆ ಹರಿದುಹಂಚಿ ಹೋಗಿತ್ತು. ಹೀಗಾಗಿ ಅಲ್ಲಿಯ ಮತಕ್ಕಾಗಿ ಯಾವ ಸದಸ್ಯನೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಸುಟ್ಟ ಮದ್ಯದಂಗಡಿಗಳನ್ನು ಮತ್ತೆ ತೆರೆಯಬಾರದೆಂದು ಕಪ್ಪು ಸಮುದಾಯದ ಸಂಘಟನೆಗಳು ಪಟ್ಟುಹಿಡಿದವು. ತಮ್ಮ ಬೀದಿಯಲ್ಲಿ ಮೂಲೆಗೊಂದು ಮದ್ಯದಂಗಡಿ ಬೇಡವೆನ್ನಲು ಆ ತಾಯಂದಿರಿಗೆ ಪೂರ್ಣ ಹಕ್ಕಿತ್ತು ಎಂದೇ ನಮ್ಮ ಅಭಿಪ್ರಾಯ. ಆ ಹೋರಾಟದ ಮುಂಚೂಣಿಯಲ್ಲಿದ್ದ ಕ್ಯಾರೆನ್ ಬಾಸ್ 2022ರಲ್ಲಿ ಅದೇ ನಗರದ ಮೇಯರ್ ಆಗಿ ಚುನಾಯಿತರಾದರು. ಆದರೆ ಪರಿಹಾರವೇನು, ಬದಲಿ ಜೀವನೋಪಾಯವೇನು ಎಂದು ಅಂಗಡಿ ಕಳೆದುಕೊಂಡವರ ಪರವಾಗಿ ಕೇಳಲು ಸಭೆಯೊಳಗೆ ಯಾರೂ ಇರಲಿಲ್ಲ. ಎಷ್ಟೋ ಕುಟುಂಬಗಳು ಎದ್ದು ನಿಲ್ಲಲೇ ಇಲ್ಲ.

ಆದರೂ ಗಲಭೆಯ ನಾಲ್ಕನೆಯ ದಿನ, ಮೇ 2ರಂದು, ಕೊರಿಯಾಟೌನ್‌ನಲ್ಲಿ ಸುಮಾರು 30 ಸಾವಿರ ಮಂದಿ ಶಾಂತಿ ಮೆರವಣಿಗೆ ನಡೆಸಿದರು. ರಾಡ್ನಿ ಕಿಂಗ್‌ಗೆ ನ್ಯಾಯ ಸಿಗಬೇಕೆಂಬ ಫಲಕಗಳನ್ನೂ ಹಿಡಿದಿದ್ದರು. ಅಂಗಡಿ ಸುಟ್ಟ ಬೂದಿ ಇನ್ನೂ ಬಿಸಿಯಾಗಿರುವಾಗಲೇ! ಇದನ್ನು ನಾವು ಸಣ್ಣ ಸಂಗತಿಯೆಂದು ಭಾವಿಸುವುದಿಲ್ಲ. ಏಂಜೆಲಾ ಓ ಎಂಬ ಯುವ ವಕೀಲೆ ರಾಷ್ಟ್ರೀಯ ಟಿ.ವಿ.ಯಲ್ಲಿ ಕುಳಿತು ನಿರರ್ಗಳ ಇಂಗ್ಲಿಷಿನಲ್ಲಿ ಸಮುದಾಯದ ಪರವಾಗಿ ಮಾತನಾಡಿದರು. ಹಿರಿಯರು ಬೆರಗಾಗಿ ನೋಡಿದರು. ಅವರಲ್ಲಿ 'ಒಂದೂವರೆ ತಲೆಮಾರು' ಎಂಬ ಮಾತಿದೆ. ಕೊರಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು ಎರಡೂ ಭಾಷೆ ಬಲ್ಲವರು. ಅದುವರೆಗೆ ಅಪ್ಪನ ತೆರಿಗೆಯ ಅರ್ಜಿ ತುಂಬಿಸಲಷ್ಟೇ ಬಳಕೆಯಾಗುತ್ತಿದ್ದ ಈ ಮಕ್ಕಳು, ಅಮೆರಿಕದಲ್ಲೇ ಹುಟ್ಟಿದ ಯುವಜನರೊಡನೆ ಸೇರಿ, ಒಮ್ಮೆಲೇ ಸಮುದಾಯದ ನಾಲಗೆಯಾದರು.

ನಂತರ ನಡೆದದ್ದು ಪವಾಡವಲ್ಲ, ಬೇಸರದ ಕೆಲಸ. ಚರ್ಚುಗಳಲ್ಲಿ, ಸಮುದಾಯ ಕೇಂದ್ರಗಳಲ್ಲಿ ಪೌರತ್ವದ ತರಗತಿಗಳು ನಡೆದವು. ಪೌರತ್ವದ ಪರೀಕ್ಷೆಯಲ್ಲಿ ಇಂಗ್ಲಿಷ್ ಓದಿ ಬರೆಯಬೇಕು, ದೇಶದ ಚರಿತ್ರೆ ಮತ್ತು ಆಡಳಿತದ ಕುರಿತ ಪ್ರಶ್ನೆಗಳಿಗೆ ಉತ್ತರಿಸಬೇಕು. ಬಹುಕಾಲದಿಂದ ನೆಲೆಸಿರುವ ಹಿರಿಯರು ಮಾತ್ರ ಸ್ವಂತ ಭಾಷೆಯಲ್ಲಿ ಉತ್ತರಿಸಬಹುದು. 1996ರಲ್ಲಿ ಅಮೆರಿಕದ ಸರಕಾರವು ಪೌರರಲ್ಲದ ವೃದ್ಧರ ಮತ್ತು ಅಂಗವಿಕಲರ ಮಾಸಾಶನವನ್ನು ನಿಲ್ಲಿಸುವ ಕಾಯ್ದೆ ತಂದಿತು. ವಲಸಿಗರ ಸಂಘಟನೆಗಳ ಪ್ರತಿಭಟನೆಯ ಫಲವಾಗಿ, ಮೊದಲೇ ಅಲ್ಲಿದ್ದವರಿಗೆ ಮರುವರ್ಷ ಅದನ್ನು ಹೆಚ್ಚಿನ ಮಟ್ಟಿಗೆ ಮರಳಿಸಲಾಯಿತು. ಆದರೆ ಆ ಒಂದು ವರ್ಷದ ಭಯ ಅಜ್ಜ ಅಜ್ಜಿಯರನ್ನು ಪಾಠದ ಬೆಂಚಿಗೆ ತಂದು ಕೂರಿಸಿತು. ಪೌರತ್ವವೆಂದರೆ ಭಾವನೆಯ ಪ್ರಶ್ನೆ ಮಾತ್ರವಲ್ಲ, ಔಷಧಿಯ ಖರ್ಚಿನ ಪ್ರಶ್ನೆಯೂ ಹೌದು ಎಂಬುದು ಅವರಿಗೆ ಮನವರಿಕೆಯಾಗಿತ್ತು. ಮತದಾರರ ನೋಂದಣಿ ಸಾಗಿತು. ಭಾಷಾ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲೇ ಮತಪತ್ರ ನೀಡುವ ಕಾಯ್ದೆಯನ್ನು 1992ರಲ್ಲಿ ವಿಸ್ತರಿಸಲಾಗಿತ್ತು. ಇಂದು ಲಾಸ್ ಏಂಜಲೀಸ್ ಮತ್ತು ನೆರೆಯ ಆರೆಂಜ್ ಕೌಂಟಿಗಳಲ್ಲಿ ಕೊರಿಯನ್ ಭಾಷೆಯ ಮತಪತ್ರ ದೊರೆಯುತ್ತದೆ.

ನಮಗೆ ಹೆಚ್ಚು ಗೌರವ ಮೂಡಿಸಿದ ಇನ್ನೊಂದು ಕೆಲಸವಿದೆ. ಗಲಭೆಯ ವರ್ಷವೇ ಕೆಲವು ಯುವಕರು ಕೊರಿಯನ್ ವಲಸೆ ಕಾರ್ಮಿಕರ ಸಂಘಟನೆಯೊಂದನ್ನು ಕಟ್ಟಿದರು. ಅದು ಹೋರಾಡಿದ್ದು ಯಾರ ವಿರುದ್ಧ? ಕೂಲಿ ಸರಿಯಾಗಿ ಕೊಡದ ಕೊರಿಯನ್ ಹೋಟೆಲ್ ಮಾಲಕರ ವಿರುದ್ಧ. ಯಾರ ಪರವಾಗಿ? ಕೊರಿಯನ್ ಕಾರ್ಮಿಕರ ಜೊತೆಗೆ ಅದೇ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಮೆಕ್ಸಿಕೋ, ಮಧ್ಯ ಅಮೆರಿಕದ ಬಡವರ ಪರವಾಗಿ. ಸಮುದಾಯದ ಹೆಸರು ಕೆಡಿಸುತ್ತಿದ್ದೀರಿ ಎಂಬ ಬೈಗುಳ ಅವರಿಗೆ ಬಂತು. ಇಂಥ ಬೈಗುಳ ಎಲ್ಲ ಸಮುದಾಯಗಳಲ್ಲೂ ಸಿದ್ಧವಾಗಿರುತ್ತದೆ.

ಪತ್ರಕರ್ತ ಕೆ. ಡಬ್ಲ್ಯು. ಲೀ ಅವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಚೋಲ್ ಸೂ ಲೀ ಎಂಬ ಕೊರಿಯನ್ ಯುವಕನನ್ನು ಸ್ಯಾನ್ ಫ್ರಾನ್ಸಿಸ್ಕೋದ ಕೊಲೆಯೊಂದರಲ್ಲಿ 1973ರಲ್ಲಿ ಬಂಧಿಸಿ, ಜೀವಾವಧಿ ಶಿಕ್ಷೆ ನೀಡಲಾಗಿತ್ತು. ತನಿಖೆಯ ಲೋಪಗಳನ್ನು ಈ ಪತ್ರಕರ್ತ ನೂರಕ್ಕೂ ಹೆಚ್ಚು ಲೇಖನಗಳಲ್ಲಿ ಬಿಚ್ಚಿಟ್ಟರು. ಆತ 'ಒಳ್ಳೆಯ ಮನೆತನದ ಹುಡುಗ'ನಾಗಿರಲಿಲ್ಲ, ಬೀದಿಯಲ್ಲಿ ಬೆಳೆದವನು. ಆದರೂ ಚರ್ಚಿನ ಅಜ್ಜಿಯರೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಒಂದೇ ಸಮಿತಿಯಲ್ಲಿ ಕುಳಿತು ವಕೀಲರ ಖರ್ಚಿಗೆ ಹಣ ಕೂಡಿಸಿದರು. ಚೀನೀ, ಜಪಾನೀ ಮೂಲದವರೂ ಕೈಜೋಡಿಸಿದರು. ಮರುವಿಚಾರಣೆಯಲ್ಲಿ ಆ ಕೊಲೆಯ ಆರೋಪದಿಂದ ಮುಕ್ತನಾಗಿ 1983ರಲ್ಲಿ ಆತ ಹೊರಬಂದನು. ಹತ್ತು ವರ್ಷ ಜೈಲಿನಲ್ಲಿ ಕಳೆದುಹೋಗಿತ್ತು. 1992ರ ನಂತರದ ಸಂಘಟನೆಯ ಬೀಜ ಅಲ್ಲಿತ್ತು ಎಂದು ಹೇಳಬಹುದು.

ರಾಜಕೀಯ ಸ್ಥಾನಮಾನಗಳ ವಿಷಯಕ್ಕೆ ಬಂದರೆ, 1992ರ ನವೆಂಬರಿನಲ್ಲೇ ಜೇ ಕಿಮ್ ಎಂಬವರು ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕೊರಿಯನ್ ಮೂಲದವರಾದರು. ಸಮುದಾಯ ಸಂಭ್ರಮಿಸಿತು. ಆದರೆ ಚುನಾವಣಾ ದೇಣಿಗೆಯ ಅಕ್ರಮದಲ್ಲಿ 1997ರಲ್ಲಿ ಅವರು ತಪ್ಪೊಪ್ಪಿಕೊಳ್ಳಬೇಕಾಯಿತು. ನಮ್ಮವನೆಂಬ ಒಂದೇ ಅರ್ಹತೆ ಎಷ್ಟು ದೂರ ಸಾಗುತ್ತದೆಂದು ಅವರಿಗೆ ಬೇಗನೆ ತಿಳಿಯಿತು. ಆ ಬಳಿಕ ಕೊರಿಯನ್ನರು ಒಂದೇ ಪಕ್ಷದ ಬುಟ್ಟಿಯಲ್ಲಿ ಕೂರಲಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾದಿಂದ ಯಂಗ್ ಕಿಮ್ ಮತ್ತು ಮಿಶೆಲ್ ಸ್ಟೀಲ್ ರಿಪಬ್ಲಿಕನ್ ಪಕ್ಷದಿಂದಲೂ, ವಾಷಿಂಗ್ಟನ್ ರಾಜ್ಯದಿಂದ ಮೆರಿಲಿನ್ ಸ್ಟ್ರಿಕ್‌ಲ್ಯಾಂಡ್ ಡೆಮಾಕ್ರಟಿಕ್ ಪಕ್ಷದಿಂದಲೂ ಗೆದ್ದರು. ಸ್ಟ್ರಿಕ್‌ಲ್ಯಾಂಡ್ ಅವರ ತಾಯಿ ಕೊರಿಯನ್, ತಂದೆ ಆಫ್ರಿಕನ್ ಅಮೆರಿಕನ್. ಪ್ರಮಾಣವಚನಕ್ಕೆ ಅವರು ತಾಯಿಯ ನಾಡಿನ ಹನ್‌ಬೋಕ್ ಉಡುಪಿನಲ್ಲಿ ಬಂದರು. ನ್ಯೂಜೆರ್ಸಿಯ ಆ್ಯಂಡಿ ಕಿಮ್ 2024ರಲ್ಲಿ ಸೆನೆಟಿಗೆ ಚುನಾಯಿತರಾದ ಮೊದಲ ಕೊರಿಯನ್ ಅಮೆರಿಕನ್. 2021ರ ಜನವರಿ 6ರಂದು ಸಂಸತ್ ಭವನಕ್ಕೆ ಗುಂಪು ನುಗ್ಗಿ ದಾಂಧಲೆ ನಡೆಸಿದ ರಾತ್ರಿ, ಮಂಡಿಯೂರಿ ಕಸ ಹೆಕ್ಕುತ್ತಿದ್ದ ಸಂಸದರೆಂದರೆ ಇವರೇ.

ಆದರೆ ಚಿಕ್ಕ ಪಟ್ಟಣದವರಾದ ನಮಗೆ ಸೆನೆಟಿಗಿಂತ ಪುರಸಭೆಯ ಕಥೆ ಹೆಚ್ಚು ಉಪಯುಕ್ತ. ನ್ಯೂಜೆರ್ಸಿಯ ಪಾಲಿಸೇಡ್ಸ್ ಪಾರ್ಕ್ ಒಂದು ಪುಟ್ಟ ಪಟ್ಟಣ. 2010ರ ಜನಗಣತಿಯ ವೇಳೆಗೆ ಅಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೊರಿಯನ್ನರಾಗಿದ್ದರು. ಆದರೂ ಅಲ್ಲಿಂದ ಕೊರಿಯನ್ ಮೂಲದ ಮೊದಲ ಮೇಯರ್ ಆಯ್ಕೆಯಾದದ್ದು 2018ರಲ್ಲಿ. ಜನಸಂಖ್ಯೆ ಮತವಾಗಲು ಅಷ್ಟು ಕಾಲ ಹಿಡಿಯಿತು. ಅದೇ ಪಟ್ಟಣದ ಗ್ರಂಥಾಲಯದ ಬಳಿ 2010ರಲ್ಲಿ ಒಂದು ಸ್ಮಾರಕ ಎದ್ದುನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೇನೆ ಬಲಾತ್ಕಾರಕ್ಕೆ ಗುರಿಪಡಿಸಿದ ಕೊರಿಯಾ ಮತ್ತಿತರ ದೇಶಗಳ ಸ್ತ್ರೀಯರ ನೆನಪಿಗಾಗಿ. ಆ ಸ್ತ್ರೀಯರ ಕ್ಷಮೆ ಕೇಳುವಂತೆ ಜಪಾನನ್ನು ಒತ್ತಾಯಿಸುವ ಠರಾವನ್ನು ಅಮೆರಿಕದ ಪ್ರತಿನಿಧಿ ಸಭೆ 2007ರ ಜುಲೈ 30ರಂದು ಅಂಗೀಕರಿಸಿತ್ತು. ಕೊರಿಯನ್ ಅಮೆರಿಕನ್ ಮತದಾರರು ತಮ್ಮ ತಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆದು, ಕಚೇರಿಗೆ ಅಲೆದು ಅದಕ್ಕೆ ಬೆಂಬಲ ಕೂಡಿಸಿದ್ದರು. ಆದರೆ ಠರಾವನ್ನು ಮಂಡಿಸಿದವರು ಯಾರು ಗೊತ್ತೇ? ಮೈಕ್ ಹೋಂಡಾ, ಜಪಾನೀ ಮೂಲದವರು. ಯುದ್ಧಕಾಲದಲ್ಲಿ ಜಪಾನೀ ಎಂಬ ಒಂದೇ ಕಾರಣಕ್ಕೆ ಅಮೆರಿಕವು ಶಿಬಿರದಲ್ಲಿ ಕೂಡಿಹಾಕಿದ್ದ ಕುಟುಂಬದ ಕೂಸು ಅವರು. ರಕ್ತ ಒಂದು ಕಡೆಗಿತ್ತು, ನ್ಯಾಯ ಇನ್ನೊಂದು ಕಡೆಗಿತ್ತು. ಅವರು ನ್ಯಾಯದ ಕಡೆ ನಿಂತರು.

ಇನ್ನು ಕೊನೆಯದಾಗಿ, ಕೊರಿಯಾಟೌನ್‌ಗೆ ಮರಳೋಣ. ಹೆಸರು ಕೊರಿಯಾಟೌನ್ ಆದರೂ ಅಲ್ಲಿ ವಾಸಿಸುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಲ್ಯಾಟಿನ್ ಅಮೆರಿಕದ ಮೂಲದವರು. ಬಾಂಗ್ಲಾದೇಶದಿಂದ ಬಂದ ಮುಸ್ಲಿಮ್ ಕುಟುಂಬಗಳೂ ಇವೆ. 2008ರಲ್ಲಿ ಬಾಂಗ್ಲಾದೇಶೀಯರು ಆ ಪ್ರದೇಶದ ಒಂದು ಭಾಗಕ್ಕೆ 'ಲಿಟ್ಲ್ ಬಾಂಗ್ಲಾದೇಶ್' ಎಂದು ಹೆಸರಿಡುವಂತೆ ಅರ್ಜಿ ಸಲ್ಲಿಸಿದರು. ಕೊರಿಯನ್ನರು ವಿರೋಧಿಸಿದರು. ಕೊನೆಗೆ 2010ರಲ್ಲಿ 3ನೇ ಬೀದಿಯ ಒಂದು ಸಣ್ಣ ತುಂಡಿಗೆ ಆ ಹೆಸರು ದೊರೆಯಿತು. 2018ರಲ್ಲಿ ಬಾಂಗ್ಲಾದೇಶೀಯರು ತಮ್ಮದೇ ಆದ ನೆರೆಹೊರೆ ಮಂಡಳಿ ಬೇಕೆಂದರು. ನಗರಾಡಳಿತಕ್ಕೆ ಸಲಹೆ ನೀಡುವ ಅಧಿಕಾರವಷ್ಟೇ ಇರುವ ಮಂಡಳಿಯದು. ಜೂನ್ 19ರಂದು ಮತದಾನ. ಕೊರಿಯನ್ ಸಂಘಟನೆಗಳು ಮನೆಮನೆಗೆ ಹೋದವು, ಪತ್ರಿಕೆಗಳು ಕರೆ ನೀಡಿದವು, ವೃದ್ಧರು ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು ನಿಂತರು. ಸುಮಾರು 19 ಸಾವಿರ ಮತಗಳು ಬಿದ್ದವು. ನೂರಕ್ಕೆ 98ಕ್ಕೂ ಹೆಚ್ಚು ಬಾಂಗ್ಲಾದೇಶೀಯರ ಬೇಡಿಕೆಯ ವಿರುದ್ಧ.

ಕೊರಿಯನ್ನರಿಗೆ ಅವರದೇ ಆದ ವಾದವಿತ್ತು. 1992ರಲ್ಲಿ ತುಂಡುತುಂಡಾಗಿದ್ದುದೇ ನಮ್ಮ ದೌರ್ಬಲ್ಯ, ಮತ್ತೆ ಪ್ರದೇಶ ಒಡೆಯಬಾರದು ಎಂಬುದು. ಅವರ ಭಯ ಸುಳ್ಳಾಗಿರಲಿಲ್ಲ. ಕ್ಷೇತ್ರ ವಿಂಗಡಣೆಯ ವಿರುದ್ಧ 2012ರಲ್ಲಿ ನ್ಯಾಯಾಲಯಕ್ಕೆ ಹೋಗಿ ಸೋತವರು, ಛಲ ಬಿಡದೆ 2021ರಲ್ಲಿ ಇಡೀ ಕೊರಿಯಾಟೌನನ್ನು ಒಂದೇ ನಗರಸಭಾ ಕ್ಷೇತ್ರಕ್ಕೆ ತರುವಲ್ಲಿ ಸಫಲರಾದರು. ಇದರಲ್ಲಿ ತಪ್ಪು ಹುಡುಕಲಾಗದು. ಆದರೆ 2018ರ ಆ ಸಾಲನ್ನು ನೆನೆದಾಗ ನಮಗೆ ಕಸಿವಿಸಿಯಾಗುತ್ತದೆ. ಎದುರಿಗಿದ್ದವರು ಬಲಾಢ್ಯರಲ್ಲ. ಟ್ಯಾಕ್ಸಿ ಓಡಿಸುವ, ದಿನಸಿ ಮಾರುವ, ನಿನ್ನೆ ಮೊನ್ನೆ ಬಂದ ಬಡ ವಲಸಿಗರು. ತಮ್ಮನ್ನು ಯಾರೂ ಕೇಳುವುದಿಲ್ಲವೆಂಬ ಅವರ ದೂರು, ಹಿಂದೊಮ್ಮೆ ಕೊರಿಯನ್ನರದೇ ದೂರಾಗಿತ್ತು. ಮತ ಹಾಕಲು ಕಲಿಯುವುದು ಒಂದು ಪಾಠ. ಸಣ್ಣ ನೆರೆಯವನಿಗೆ ಜಾಗ ಬಿಡುವುದು ಅದಕ್ಕಿಂತ ಕಷ್ಟದ ಪಾಠ. ಆ ಪಾಠದಲ್ಲಿ ಕೊರಿಯನ್ನರು ಉತ್ತೀರ್ಣರಾಗಿದ್ದಾರೆಂದು ನಾವು ಹೇಳಲಾರೆವು. ಬಹುಸಂಖ್ಯಾತರಾಗಿ ನಿಂತ ಕ್ಷಣದಲ್ಲಿ ನಾವಾದರೂ ಏನು ಮಾಡುತ್ತಿದ್ದೆವು ಎಂದು ಸಭಿಕರು ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಬಹುದು.

3ನೇ ಬೀದಿಯಲ್ಲಿ ಲಿಟ್ಲ್ ಬಾಂಗ್ಲಾದೇಶದ ನಾಮಫಲಕ ಇದೆ. ಅಲ್ಲಿಯ ಮಕ್ಕಳು ಓದುವ ಸರಕಾರಿ ಶಾಲೆಗಳಲ್ಲಿ ಒಂದಕ್ಕೆ ಈಜುಗೊಳದ ಆ ಹುಡುಗ ಸ್ಯಾಮಿ ಲೀಯ ಹೆಸರನ್ನಿಡಲಾಗಿದೆ.